ಗಾಜಿನ ಕೊಳವೆಯೊಳಗಿನ ಏಕಾಂತ

ಯೂರಿಯಾ ನೀರಿಗೆ ಬಿದ್ದ ಕೂಡಲೇ ಪಾತ್ರೆ ತಣ್ಣಗಾಗುತ್ತದೆ. ಮಂಡ್ಯ ಜಿಲ್ಲೆಯ ಶೀಳನೆರೆ ಹೋಬಳಿಯಲ್ಲಿ ಬಕೆಟ್ಟಿನಲ್ಲಿ ಯೂರಿಯಾ ಕದಡಿ ಬೆಳೆಗೆ ಸಿಂಪಡಿಸಿದವರಿಗೆಲ್ಲ ಇದು ಗೊತ್ತು. ಕರಗಲು ಬೇಕಾದ ಶಾಖವನ್ನು ಅದು ಸುತ್ತಲಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಪ್ರೋಟೀನಿನ ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಈ ತಣುಪು ಇನ್ನೂ ಜೋರು. ಅಲ್ಲಿ ಬೇಕಾಗುವುದು 8 ಮೋಲಾರ್ ದ್ರಾವಣ, ಅಂದರೆ ಲೀಟರಿಗೆ 480 ಗ್ರಾಂ ಯೂರಿಯಾ. ಬೀಕರಿನ ಹೊರಮೈ ಬೆವರುತ್ತದೆ. ಅಡಿಯಲ್ಲಿ ಅಯಸ್ಕಾಂತದ ಕಡ್ಡಿ ಗಿರಗಿರ ತಿರುಗುತ್ತಿದ್ದರೂ ಹರಳುಗಳು ಕರಗದೆ ಸತಾಯಿಸುತ್ತವೆ. ಬೇಗ ಆಗಲೆಂದು ಚೆನ್ನಾಗಿ ಕಾಯಿಸಿಬಿಡುವಂತಿಲ್ಲ; ಬಿಸಿ ಹೆಚ್ಚಾದರೆ ಯೂರಿಯಾದ ಒಂದಂಶ ಸಯನೇಟ್ ಆಗಿ, ಪ್ರೋಟೀನಿಗೆ ಅಂಟಿಕೊಂಡು ಅದನ್ನು ಕೆಡಿಸುತ್ತದೆ. ಹಳೆಯ ದ್ರಾವಣಕ್ಕೂ ಇದೇ ದೋಷ. ಹಾಗಾಗಿ ಅಂದಿನದನ್ನು ಅಂದೇ ಕರಗಿಸಿಕೊಳ್ಳುವುದು ವಾಡಿಕೆ.

ಊರ ಕಡೆಯ ಹಿರಿಯರೊಬ್ಬರು ಇದನ್ನು ಕೇಳಿ, “ಅಷ್ಟೊಂದು ಯೂರಿಯಾನ ಯಾವ ಬೆಳೆಗ್ಲಾ ಹಾಕ್ತೀರಿ?” ಎಂದಿದ್ದರು. ನ್ಯಾಯವಾದ ಪ್ರಶ್ನೆಯೇ. ನಮ್ಮಲ್ಲಿ ಯೂರಿಯಾ ಎಂದರೆ 45 ಕೆಜಿಯ ಮೂಟೆ, ಮೇಲುಗೊಬ್ಬರ, ಸೊಸೈಟಿಯ ಮುಂದಿನ ಸಾಲು. ಬೇವಿನೆಣ್ಣೆ ಸವರಿದ ಆ ಕಾಳು ಭತ್ತಕ್ಕೆ ಹಸಿರು ಬರಿಸುತ್ತದೆ. ಪ್ರಯೋಗಾಲಯದ ಯೂರಿಯಾಕ್ಕೆ ಬೇವಿನ ಸೋಂಕಿಲ್ಲ, ಅಣು ಮಾತ್ರ ಅದೇ. ಅಲ್ಲಿ ಅದರ ಕೆಲಸ ಬೆಳೆಸುವುದಲ್ಲ, ಬಿಚ್ಚುವುದು. ಅಡ್ಡಾದಿಡ್ಡಿ ಸಿಕ್ಕುಬಿದ್ದ ಪ್ರೋಟೀನಿನ ಎಳೆಯನ್ನು ಅದು ಒಂದೊಂದಾಗಿ ಸಡಿಲಿಸಿ, ಆಕಾರವೆಲ್ಲ ಕಳೆದು, ನೀಳವಾಗಿ ನೀರಿನಲ್ಲಿ ತೇಲಲು ಬಿಡುತ್ತದೆ.

ಸಿಕ್ಕು ಎಲ್ಲಿಂದ ಬಂತು ಎಂದರೆ ನಮ್ಮ ಆತುರದಿಂದಲೇ. ಇ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಮನುಷ್ಯನದೋ ವೈರಸ್ಸಿನದೋ ಜೀನ್ ಸೇರಿಸಿ, ಐಪಿಟಿಜಿ ಎಂಬ ರಾಸಾಯನಿಕದಿಂದ ಅದನ್ನು ಎಚ್ಚರಿಸಿ, 37 ಡಿಗ್ರಿಯಲ್ಲಿ ಬೆಳೆಸುತ್ತಾರೆ. ಒಳ್ಳೆಯ ಆಹಾರ ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಜೀವಿ ಅದು. ಹೇಳಿದ ಪ್ರೋಟೀನನ್ನು ಹೇಳಿದಷ್ಟೂ ಮಾಡಿಹಾಕುತ್ತದೆ. ಮಡಚಿ ಇಡುವಷ್ಟು ವ್ಯವಧಾನ ಅದಕ್ಕಿಲ್ಲ. ಮಡಚಿದ ಎಳೆಯನ್ನು ಬಿಗಿಯುವ ಗಂಧಕದ ಕೊಂಡಿಗಳು ಕೂಡಿಕೊಳ್ಳುವಂಥ ವಾತಾವರಣವೂ ಅದರ ಒಡಲಲ್ಲಿಲ್ಲ. ಅರೆಬರೆ ಮಡಚಿದ ಎಳೆಗಳು ಒಂದರ ಅಂಟುಭಾಗಕ್ಕೆ ಇನ್ನೊಂದು ಅಂಟಿ ಗಂಟಾಗುತ್ತವೆ. ಇವೇ ಇನ್‌ಕ್ಲೂಷನ್ ಬಾಡಿಗಳು. ಲ್ಯಾಬಿನ ಮಾತಿನಲ್ಲಿ ಐಬಿ. ಸೂಕ್ಷ್ಮದರ್ಶಕದಲ್ಲಿ ಕೋಶದ ಒಂದು ತುದಿಯಲ್ಲಿ ಹೊಳೆಯುವ ಚುಕ್ಕೆಯಾಗಿ ಕಾಣುತ್ತವೆ. ಇ. ಕೋಲಿಯಲ್ಲಿ ಮಾನವ ಇನ್ಸುಲಿನ್ ತಯಾರಿಸಹೊರಟವರಿಗೆ ಎದುರಾದದ್ದೂ ಈ ಚುಕ್ಕೆಗಳೇ. ಆ ವರದಿ ಸೈನ್ಸ್ ಪತ್ರಿಕೆಯಲ್ಲಿ ಬಂದದ್ದು 1982ರಲ್ಲಿ, ಆ ಇನ್ಸುಲಿನ್ ಔಷಧವಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದೂ ಅದೇ ವರ್ಷ.

ಐಬಿಯನ್ನು ಹಾಳು ಎಂದು ಬಗೆಯುವವರಿದ್ದಾರೆ. ನನಗೆ ಅದರ ಮೇಲೆ ಒಲವು. ಕೋಶಗಳನ್ನು ಒಡೆದು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದಾಗ ಟ್ಯೂಬಿನ ತಳದಲ್ಲಿ ಕೂರುವ ಪೆಲೆಟ್ಟನ್ನು ನೋಡಬೇಕು. ಮೊದಲ ಸಲ ಅದು ಕಂದುಛಾಯೆಯ, ಲೋಳೆ ಹೊದ್ದ ಗಸಿ. ಟ್ರೈಟಾನ್ ಎಂಬ ಮಾರ್ಜಕ ಬೆರೆಸಿ ತೊಳೆದರೆ ಕೋಶಪೊರೆಯ ಚೂರುಗಳು ಬಿಡುತ್ತವೆ. ತೆಳು ಯೂರಿಯಾದಲ್ಲಿ ತೊಳೆದರೆ ಮೇಲ್ಮೈಗೆ ಅಂಟಿದ ಬೇರೆ ಪ್ರೋಟೀನುಗಳು ಹೋಗುತ್ತವೆ. ತೊಳೆತೊಳೆದಂತೆ ಬಿಳುಪೇರಿ, ಕೊನೆಗೆ ಅಪ್ಪಟ ಸುಣ್ಣದ ಬಿಳಿ. ಪಿಪೆಟ್ಟಿನ ತುದಿಯಿಂದ ಕೆದಕಿದರೆ ಗಟ್ಟಿ ಮೊಸರಿನಷ್ಟೂ ಮೆದುವಲ್ಲ. ಬ್ಯಾಕ್ಟೀರಿಯಾದ ಸಾವಿರಾರು ಬಗೆಯ ಪ್ರೋಟೀನುಗಳ ನಡುವಿನಿಂದ ನಮಗೆ ಬೇಕಾದ ಒಂದೇ ಒಂದು ಹೀಗೆ ರಾಶಿಯಾಗಿ, ಕೋಶದ ಕತ್ತರಿ ಕಿಣ್ವಗಳ ಕೈಗೆ ಸಿಗದಂತೆ ಬಚ್ಚಿಟ್ಟುಕೊಂಡು ಕುಳಿತಿದೆ. ಸರಕು ಶುದ್ಧವಾಗಿದೆ, ಆಕಾರ ಮಾತ್ರ ಇಲ್ಲ.

ಆಕಾರವಿಲ್ಲದ ಪ್ರೋಟೀನಿನಿಂದ ಏನೂ ಪ್ರಯೋಜನವಿಲ್ಲ ಎನ್ನುವುದಕ್ಕೆ ಜಿ-ಸಿಎಸ್‌ಎಫ್ ಒಳ್ಳೆಯ ನಿದರ್ಶನ. ಕೀಮೋಥೆರಪಿಯಿಂದ ಬಿಳಿ ರಕ್ತಕಣ ಕುಸಿದವರಿಗೆ ಚುಚ್ಚುವ ಔಷಧ ಇದು. ಇ. ಕೋಲಿಯ ಒಡಲಲ್ಲಿ ಸಾಮಾನ್ಯವಾಗಿ ಗಂಟಾಗಿಯೇ ಹುಟ್ಟುತ್ತದೆ. 175 ಅಮೈನೋ ಆಮ್ಲಗಳ ಸರದಲ್ಲಿ ಸಿಸ್ಟೀನ್‌ಗಳು ಐದು. ನಾಲ್ಕು ಸೇರಿ ಎರಡು ಗಂಧಕದ ಕೊಂಡಿ ಆಗಬೇಕು, ಒಂದು ಒಂಟಿಯಾಗಿಯೇ ಉಳಿಯಬೇಕು. ಲೆಕ್ಕ ಹಾಕಿದರೆ ಹದಿನೈದು ಬಗೆಯಲ್ಲಿ ಜೋಡಿ ಕೂಡಿಸಬಹುದು, ಸರಿಯಾದದ್ದು ಒಂದೇ. ಬೆಂಗಳೂರಿನ ಬಯೋಕಾನ್, ಮೈಲಾನ್ ಕಂಪನಿಯ ಜೊತೆಗೂಡಿ ತಂದ ಪೆಗ್‌ಫಿಲ್ಗ್ರಾಸ್ಟಿಮ್ ಈ ಅಣುವಿನ ಒಂದು ರೂಪ. ಅಮೆರಿಕದ ಎಫ್‌ಡಿಎ ಅದನ್ನು ಒಪ್ಪಿದ್ದು 2018ರ ಜೂನ್‌ನಲ್ಲಿ. ಅದೇ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ನಿನ ದಾರಿ ಬೇರೆ: ಪಿಚಿಯಾ ಎಂಬ ಯೀಸ್ಟ್ ಅದನ್ನು ಮಡಚಿಯೇ ಹೊರಗೆ ಬಿಡುತ್ತದೆ. ಸಕ್ಕರೆ ಕಾಯಿಲೆಯವರಿಗೆ ಅದರಿಂದ ಉಪಕಾರವಾಗಿದೆ, ಸಂತೋಷ. ಆದರೆ ನೋಡುವ ಸುಖ ಬೇಕೆಂದರೆ ಗಂಟಿನ ಕಡೆಗೇ ಬರಬೇಕು.

ಆ ಸುಖದ ಮೂಲದಲ್ಲಿ ಒಂದು ಅಚ್ಚರಿ ಇದೆ. ಕ್ರಿಶ್ಚಿಯನ್ ಆನ್‌ಫಿನ್ಸೆನ್ ಎಂಬಾತ ರೈಬೊನ್ಯೂಕ್ಲಿಯೇಸ್ ಎಂಬ ಕಿಣ್ವವನ್ನು ಯೂರಿಯಾದಲ್ಲಿ ಪೂರ್ತಿ ಬಿಚ್ಚಿ, ಅದರ ನಾಲ್ಕು ಗಂಧಕದ ಕೊಂಡಿಗಳನ್ನೂ ಕಳಚಿದ. 124 ಅಮೈನೋ ಆಮ್ಲಗಳ ಬರೀ ದಾರ ಉಳಿಯಿತು. ಎಂಟು ಸಿಸ್ಟೀನ್‌ಗಳನ್ನು ನಾಲ್ಕು ಜೋಡಿ ಮಾಡುವುದಕ್ಕೆ 105 ದಾರಿಗಳಿವೆ. ಯೂರಿಯಾ ತೆಗೆದು ಗಾಳಿಗೆ ಒಡ್ಡಿದಾಗ ಆ ದಾರ ಯಾರೂ ಹೇಳಿಕೊಡದೆ ಸರಿಯಾದ ಒಂದನ್ನೇ ಹಿಡಿದು ಮತ್ತೆ ಕಿಣ್ವವಾಯಿತು. ಯೂರಿಯಾ ಇರುವಾಗಲೇ ಕೊಂಡಿ ಕೂಡಿಸಿದರೆ ಮಾತ್ರ ಅಡ್ಡಾದಿಡ್ಡಿ ಜೋಡಿಗಳು, ಕೆಲಸಕ್ಕೆ ಬಾರದ ಸರಕು. ಆಕಾರದ ನಕ್ಷೆ ಅಮೈನೋ ಆಮ್ಲಗಳ ಸಾಲಿನಲ್ಲೇ ಅಡಗಿದೆ ಎಂಬ ಈ ತಿಳಿವಿಗೆ 1972ರಲ್ಲಿ ನೊಬೆಲ್ ಬಂತು. ಸಾಲಿನ ಒಂದೊಂದು ಗಿಣ್ಣು ಎಷ್ಟೆಷ್ಟು ತಿರುಗಬಹುದು, ಯಾವ ತಿರುವು ಸಾಧ್ಯವೇ ಇಲ್ಲ ಎಂದು ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಮದರಾಸಿನಲ್ಲಿ ನಕ್ಷೆ ಬರೆದದ್ದು 1963ರಲ್ಲಿ. ಮುಂದೆ ಅವರೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು.

ಹೊಸಹೊಳಲಿನ ಲಕ್ಷ್ಮೀನಾರಾಯಣನ ಗುಡಿ ಶೀಳನೆರೆಯಿಂದ ದೂರವೇನಿಲ್ಲ. ಅಲ್ಲಿನ ಭಿತ್ತಿಯ ಮುಂದೆ ನಿಂತರೆ ಕಲ್ಲಿಗಿಂತ ಹೆಚ್ಚಾಗಿ ಕೆತ್ತಿದವನ ಕೈ ಕಾಣುತ್ತದೆ. ಎಲ್ಲಿ ಉಳಿಯನ್ನು ತಡೆದ, ಎಲ್ಲಿ ಒತ್ತಿದ ಎಂಬುದು ಕಾಣುತ್ತದೆ. ಪ್ರೋಟೀನಿನಲ್ಲಿ ಅಂಥ ಕೈಯೇ ಇಲ್ಲ. ಮಾಡುವವನು ಮಾಡಬಹುದಾದದ್ದು ಅಡ್ಡಿ ತೆಗೆಯುವುದು, ಆಮೇಲೆ ದೂರ ನಿಲ್ಲುವುದು. ಆ ದೂರ ನಿಲ್ಲುವ ಬಗೆಯಲ್ಲೇ ಕುಶಲತೆ ಇದೆ ಎಂಬುದು ನನ್ನ ಅಭಿಪ್ರಾಯ.

ಅಡ್ಡಿ ಯಾವುದು? ಜನಸಂದಣಿ. ಯೂರಿಯಾವನ್ನು ಒಮ್ಮೆಲೇ ತೆಗೆದರೆ, ಬಿಚ್ಚಿದ ಎಳೆಗಳು ತಮ್ಮೊಳಗೆ ತಾವು ಮಡಚಿಕೊಳ್ಳುವ ಮೊದಲೇ ಪಕ್ಕದವುಗಳಿಗೆ ಅಂಟಿ ಮತ್ತೆ ಗಂಟಾಗುತ್ತವೆ. ಪಾತ್ರೆಯಲ್ಲಿ ಪ್ರೋಟೀನಿನ ಸಾಂದ್ರತೆ ಎರಡರಷ್ಟಾದರೆ ಒಂದು ಎಳೆ ತಾನೇ ಮಡಚಿಕೊಳ್ಳಲು ಹಿಡಿಯುವ ಹೊತ್ತು ಬದಲಾಗುವುದಿಲ್ಲ, ಆದರೆ ಎರಡೆರಡು ಎದುರಾಗುವ ಸಂದರ್ಭ ನಾಲ್ಕು ಪಟ್ಟಾಗುತ್ತದೆ. ಹಳೆಯ ಉಪಾಯ ಎಂದರೆ ನೀರು ಹೆಚ್ಚಿಸುವುದು. ಮಿಲಿಲೀಟರಿಗೆ 0.05 ಮಿಲಿಗ್ರಾಂ ಇರುವಂತೆ ತೆಳುವಾಗಿಸಿದರೆ ಎಳೆಗಳು ಒಂದನ್ನೊಂದು ಕಾಣುವುದು ಅಪರೂಪ. ಕೆಲಸ ಆಗುತ್ತದೆ, ಅನುಮಾನವಿಲ್ಲ. ಆದರೆ ಒಂದು ಗ್ರಾಂ ಪ್ರೋಟೀನಿಗೆ 20 ಲೀಟರ್ ಬಫರ್, ಅಂದರೆ ಪಿಎಚ್ ಹದ ಕಾಯುವ ದ್ರಾವಣ, ಬೇಕು. ಆಮೇಲೆ ಆ 20 ಲೀಟರನ್ನು ಮತ್ತೆ ಬತ್ತಿಸಬೇಕು. ದೊಡ್ಡ ಡ್ರಮ್ಮಿನಲ್ಲಿ ಹನಿಹನಿ ಬಿಡುತ್ತ ಕೂರುವ ಆ ವಿಧಾನದಲ್ಲಿ ಉಪಯೋಗ ಇದೆ, ಸೊಗಸು ಕಡಿಮೆ.

ಸೊಗಸು ಬಂದದ್ದು ಕಾಲಂ, ಅಂದರೆ ಮಣಿ ತುಂಬಿದ ಕೊಳವೆ, ಬಂದ ಮೇಲೆ. ಏಕಾಂತ ಕೊಡಲು ನೀರೇ ಏಕೆ ಬೇಕು, ಒಂದೊಂದು ಅಣುವನ್ನೂ ಅದರದರ ಜಾಗದಲ್ಲಿ ಹಿಡಿದು ನಿಲ್ಲಿಸಿದರೆ ಸಾಲದೇ ಎಂಬ ಯೋಚನೆ ಇದರದು. 1980ರ ದಶಕದಲ್ಲಿ ಥಾಮಸ್ ಕ್ರೈಟನ್ ಪ್ರೋಟೀನುಗಳನ್ನು ಅಯಾನು ವಿನಿಮಯದ ಕಾಲಂಗೆ ಅಂಟಿಸಿ, ಅಲ್ಲೇ ಯೂರಿಯಾ ಇಳಿಸುತ್ತ ಬಂದು ಮಡಚಿಸಿ ತೋರಿಸಿದ. ಅದೇ ದಶಕದಲ್ಲಿ ಬಂದ ನಿಕೆಲ್ ಕಾಲಂ ಇದನ್ನು ಮನೆಮಾತಾಗಿಸಿತು. ಪ್ರೋಟೀನಿನ ಬಾಲಕ್ಕೆ ಆರು ಹಿಸ್ಟಿಡೀನ್‌ಗಳ ಸಣ್ಣ ತುಂಡು ಸೇರಿಸಿದರೆ ಅದು ನಿಕೆಲ್ಲನ್ನು ಬಿಗಿಯಾಗಿ ಹಿಡಿಯುತ್ತದೆ. 8 ಮೋಲಾರ್ ಯೂರಿಯಾದ ನಡುವೆಯೂ ಆ ಹಿಡಿತ ಸಡಿಲುವುದಿಲ್ಲ.

ಈ ಕಾಲಂ ಕಣ್ಣಿಗೂ ಹಬ್ಬ. ಬೆರಳುದ್ದದ ಪಾರದರ್ಶಕ ಕೊಳವೆ, ಒಳಗೆ ತಿಳಿನೀಲಿ ಮರಳಿನಂಥ ಮಣಿಗಳು. ಗಂಧಕದ ಕೊಂಡಿ ಬಿಡಿಸಲು ಹಾಕಿದ ಡಿಟಿಟಿ ಹೆಚ್ಚಾಗಿ ಉಳಿದಿದ್ದರೆ ನೀಲಿ ಕೆಟ್ಟು ಕಂದಾಗುತ್ತದೆ. ಅನುಭವಸ್ಥರು ಬಣ್ಣ ನೋಡಿಯೇ ಹುಬ್ಬು ಗಂಟಿಕ್ಕುತ್ತಾರೆ. ಎಲ್ಲ ಸರಿ ಇದ್ದರೆ ಪ್ರೋಟೀನು ಮೇಲಿನಿಂದ ಇಳಿದು ಬಾಲದಿಂದ ಜೋತುಬೀಳುತ್ತದೆ. ಆಮೇಲೆ ಎರಡು ಬಾಟಲಿಯ ಆಟ. ಒಂದರಲ್ಲಿ 8 ಮೋಲಾರ್ ಯೂರಿಯಾ, ಇನ್ನೊಂದರಲ್ಲಿ ಯೂರಿಯಾವೇ ಇಲ್ಲದ ಬಫರ್. ಪಂಪು ಎರಡನ್ನೂ ಬೆರೆಸುತ್ತ, ಮೊದಲನೆಯದನ್ನು ಕಮ್ಮಿ ಮಾಡುತ್ತ, ಎರಡನೆಯದನ್ನು ಏರಿಸುತ್ತ ಹೋಗುತ್ತದೆ. ಎಂಟರಿಂದ ಏಳು, ಏಳರಿಂದ ಆರು... ರಾತ್ರಿಯಿಡೀ ನಡೆಯುವ ಇಳಿಜಾರು. ಪರದೆಯ ಮೇಲೆ ಯೂರಿಯಾದ ಗೆರೆ ಎಲ್ಲೂ ಮುರಿಯದೆ, ಗದ್ದೆಯ ಒಡ್ಡಿನಷ್ಟು ಸಮನಾಗಿ ಕೆಳಗಿಳಿಯುತ್ತದೆ. ಬಫರಿನಲ್ಲಿ ಒಂದಿಷ್ಟು ಅರ್ಜಿನೀನ್. ಅದು ಎಳೆಗಳ ಅಂಟನ್ನು ತುಸು ಕಮ್ಮಿ ಮಾಡುತ್ತದೆ. ಜೊತೆಗೆ ಗ್ಲುಟಥಯೋನಿನ ಎರಡು ರೂಪಗಳು. ತಪ್ಪಾಗಿ ಕೂಡಿದ ಕೊಂಡಿಯನ್ನು ಬಿಡಿಸಿ ಮತ್ತೆ ಕೂಡಿಸುವ ಅವಕಾಶವನ್ನು ಅವು ತೆರೆದಿಡುತ್ತವೆ. ಯೂರಿಯಾ ಇಳಿಯುತ್ತ ಬಂದಂತೆ ಎಳೆಯ ಎಣ್ಣೆಮೈ ಭಾಗಗಳು ನೀರಿಗೆ ಬೆನ್ನು ಹಾಕಿ ಒಳಸರಿಯುತ್ತವೆ, ಸುರುಳಿಗಳು ಕೂಡುತ್ತವೆ. ಪಕ್ಕದವನು ಕೈಯಳತೆಯಲ್ಲಿಲ್ಲ. ಎಲ್ಲರೂ ತಂತಮ್ಮ ಬಾಲದಿಂದ ನೇತಾಡುತ್ತಿದ್ದಾರೆ.

ಬೆಳಗ್ಗೆ ಇಮಿಡಜೋಲ್ ಬಿಟ್ಟರೆ ಅದು ನಿಕೆಲ್ಲಿನ ಮೇಲೆ ಹಿಸ್ಟಿಡೀನ್‌ಗಳ ಜಾಗ ತಾನೇ ಹಿಡಿದು ಪ್ರೋಟೀನನ್ನು ಕಳಚುತ್ತದೆ. 280 ನ್ಯಾನೋಮೀಟರಿನ ಬೆಳಕನ್ನು ಟ್ರಿಪ್ಟೊಫಾನ್, ಟೈರೋಸಿನ್‌ಗಳು ಹೀರಿಕೊಳ್ಳುವುದರಿಂದ ಪರದೆಯ ಮೇಲೆ ಶಿಖರ ಏಳುತ್ತದೆ. ಶಿಖರದ ಎತ್ತರ ನೋಡಿ ಹಿಗ್ಗುವವರು ಹೊಸಬರು. ತಿಳಿದವರು ನೋಡುವುದು ಅದರ ಮೈಕಟ್ಟನ್ನು: ಎರಡೂ ಕಡೆ ಸಮನಾಗಿ ಇಳಿದಿದೆಯೇ, ಹೆಗಲು ಎದ್ದಿದೆಯೇ, ಬಾಲ ಎಳೆದಿದೆಯೇ. ಆಮೇಲೆ ಟ್ಯೂಬನ್ನು ಬೆಳಕಿಗೆ ಹಿಡಿದು, ಮಬ್ಬಿದೆಯೇ ಎಂದು.

ಇಷ್ಟಾದರೂ ನನ್ನ ಮನಸ್ಸು ನಿಲ್ಲುವುದು ಇನ್ನೊಂದು ಕಾಲಂ ಮೇಲೆ. ಅಲ್ಲಿ ಹಿಡಿದುಕೊಳ್ಳುವುದೂ ಇಲ್ಲ. ಜೆಲ್ ಫಿಲ್ಟ್ರೇಷನ್ ಎನ್ನುತ್ತಾರೆ. ಅದರ ಕಥೆ ಶುರುವಾಗುವುದು ಕಬ್ಬಿನ ಸೀಮೆಯವರಿಗೆ ಬೇಡವಾದ ಒಂದು ವಸ್ತುವಿನಿಂದ. ಕಡಿದ ಕಬ್ಬು ಗಾಣಕ್ಕೆ ಹೋಗದೆ ಬಿಸಿಲಲ್ಲಿ ನಿಂತರೆ ಕಡಿದ ಬಾಯಿಯಿಂದ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಒಳನುಗ್ಗುತ್ತದೆ. ಸಕ್ಕರೆಯ ಅಣುವನ್ನು ಎರಡಾಗಿ ಸೀಳಿ, ಗ್ಲೂಕೋಸ್ ಭಾಗವನ್ನು ಒಂದಕ್ಕೊಂದು ಪೋಣಿಸಿ, ಡೆಕ್ಸ್‌ಟ್ರಾನ್ ಎಂಬ ಉದ್ದನೆಯ ಲೋಳೆ ಕಟ್ಟುತ್ತದೆ. ಕಾರ್ಖಾನೆಯಲ್ಲಿ ಅದು ರಸವನ್ನು ಅಂಟಾಗಿಸುತ್ತದೆ, ಸೋಸುವ ಕಡೆ ಕಟ್ಟಿಕೊಳ್ಳುತ್ತದೆ, ಸಕ್ಕರೆ ಹರಳು ದುಂಡಗೆ ಬೆಳೆಯದೆ ಸೂಜಿಯಂತೆ ಉದ್ದವಾಗುತ್ತದೆ. ಮಂಡ್ಯ ಜಿಲ್ಲೆಯಲ್ಲಿ ಕಟಾವಿನ ಸರದಿಗಾಗಿ ಕಾದವರಿಗೆಲ್ಲ ಇಳುವರಿ ಬಿದ್ದುಹೋಗುವ ಸಂಕಟ ಗೊತ್ತು. ಡೆಕ್ಸ್‌ಟ್ರಾನ್ ಅದರಲ್ಲಿ ಒಬ್ಬ ಪಾಲುದಾರ. ಅದೇ ಡೆಕ್ಸ್‌ಟ್ರಾನಿನ ಎಳೆಗಳಿಗೆ ಅಡ್ಡಕೊಂಡಿ ಹಾಕಿ ಪುಟ್ಟ ಪುಟ್ಟ ಸರಂಧ್ರ ಮಣಿಗಳನ್ನು ಮಾಡಬಹುದೆಂದು ಸ್ವೀಡನ್ನಿನ ಜೆರ್ಕರ್ ಪೊರಾತ್ ಮತ್ತು ಪೆರ್ ಫ್ಲೊಡಿನ್ 1959ರಲ್ಲಿ ತೋರಿಸಿದರು. ಸೆಫಾಡೆಕ್ಸ್ ಎಂಬ ಹೆಸರಲ್ಲಿ ಅದು ಜಗತ್ತಿನ ಪ್ರೋಟೀನ್ ಲ್ಯಾಬುಗಳನ್ನೆಲ್ಲ ಹೊಕ್ಕಿತು. ರೈತನಿಗೆ ನಷ್ಟ ತರುವ ಲೋಳೆ ಅಲ್ಲಿ ಗ್ರಾಂ ಲೆಕ್ಕದಲ್ಲಿ ಮಾರಾಟವಾಗುತ್ತದೆ.

ಮಣಿಗಳ ರಂಧ್ರಕ್ಕೆ ಸಣ್ಣ ಅಣುಗಳು ನುಸುಳುತ್ತವೆ, ಹೊಕ್ಕು ಬಂದು ಹೊಕ್ಕು ಬಂದು ತಡವಾಗಿ ಇಳಿಯುತ್ತವೆ. ದೊಡ್ಡವಕ್ಕೆ ಒಳಗೆ ಪ್ರವೇಶವಿಲ್ಲ, ಮಣಿಗಳ ಸಂದಿಯಲ್ಲೇ ಹರಿದು ಬೇಗ ಹೊರಬೀಳುತ್ತವೆ. ಇಷ್ಟೇ ನಿಯಮ. ಈ ಒಂದು ನಿಯಮದಿಂದ ಏನೇನು ನಡೆಯುತ್ತದೆ ನೋಡಿ. ಯೂರಿಯಾವೇ ಇಲ್ಲದ ಬಫರ್ ತುಂಬಿದ ಕಾಲಂನ ನೆತ್ತಿಗೆ, ಯೂರಿಯಾದಲ್ಲಿ ಬಿಚ್ಚಿದ ಪ್ರೋಟೀನನ್ನು ಬಿಡುತ್ತಾರೆ. ಬಿಚ್ಚಿದ ಎಳೆ ಹರಡಿಕೊಂಡಿರುವುದರಿಂದ ಮಣಿಯೊಳಗೆ ಹಿಡಿಸುವುದಿಲ್ಲ, ಮುಂದೆ ಓಡುತ್ತದೆ. ಯೂರಿಯಾ ಬಲು ಚಿಕ್ಕದು, ಪ್ರತಿ ರಂಧ್ರಕ್ಕೂ ಇಣುಕುತ್ತ ಹಿಂದೆ ಬೀಳುತ್ತದೆ. ಅಂದರೆ ಪ್ರೋಟೀನು ತನ್ನನ್ನು ಬಿಚ್ಚಿಟ್ಟಿದ್ದ ದ್ರವವನ್ನು ತಾನೇ ದಾಟಿ, ಶುದ್ಧ ಬಫರಿಗೆ ಕಾಲಿಡುತ್ತದೆ. ಕಾಲಿಟ್ಟ ಕೂಡಲೇ ಮಡಚಿಕೊಳ್ಳತೊಡಗುತ್ತದೆ. ಮಡಚಿದಷ್ಟೂ ಮೈ ಕುಗ್ಗುತ್ತದೆ. ಕುಗ್ಗಿದಷ್ಟೂ ರಂಧ್ರಗಳೊಳಗೆ ಜಾಗ ಸಿಗುತ್ತದೆ. ಅಲ್ಲಿ ನೆರೆಹೊರೆಯ ಕಾಟವಿಲ್ಲ, ನಿಧಾನಿಸುತ್ತದೆ. ಎಳೆಗಳೇನಾದರೂ ಒಂದಕ್ಕೊಂದು ಅಂಟಿ ಗಂಟಾಗಿ ಮಣಿಗಳ ನಡುವೆ ಸಿಕ್ಕಿಬಿದ್ದವೆನ್ನಿ. ಹಿಂದಿನಿಂದ ನಿಧಾನವಾಗಿ ಬರುತ್ತಿರುವ ಯೂರಿಯಾದ ಅಲೆ ಅಲ್ಲಿಗೆ ಮುಟ್ಟಿ, ಆ ಗಂಟನ್ನು ಕರಗಿಸಿ, ಮತ್ತೆ ಓಡಲು ಬಿಡುತ್ತದೆ. ತಪ್ಪಿದವನಿಗೆ ಎರಡನೇ ಅವಕಾಶ, ಅದೂ ಯಾರೂ ಗುಂಡಿ ಒತ್ತದೆ. ಅಷ್ಟಕ್ಕೂ ಸರಿಹೋಗದ ದೊಡ್ಡ ಗಂಟುಗಳು ಕರಗಿದ್ದರೆ ಎಲ್ಲಕ್ಕಿಂತ ಮೊದಲು ಹೊರಬಿದ್ದು ಬೇರೆ ಟ್ಯೂಬಿಗೆ ಸೇರುತ್ತವೆ. ಮಡಚುವಿಕೆ, ಯೂರಿಯಾ ತೆಗೆಯುವಿಕೆ, ಜೊಳ್ಳು ಬೇರ್ಪಡಿಸುವಿಕೆ ಮೂರೂ ಒಂದೇ ಇಳಿಹರಿವಿನಲ್ಲಿ ಮುಗಿಯುತ್ತವೆ. ಬತಾಸ್ ಮತ್ತು ಚೌಧುರಿ ಎಂಬ ಸಂಶೋಧಕರು 1996ರಲ್ಲಿ ಮೊಟ್ಟೆಯ ಬಿಳಿಯಲ್ಲಿರುವ ಲೈಸೊಜೈಮನ್ನು ಹೀಗೆ ಮಡಚಿಸಿ ತೋರಿಸಿದರು. ಇದಕ್ಕಿಂತ ಮಿತವ್ಯಯದ ಚೆಲುವನ್ನು ರಸಾಯನದ ಕೆಲಸದಲ್ಲಿ ನಾನು ಕಂಡಿಲ್ಲ.

ಇದರ ಮೇಲೆ ಇನ್ನಷ್ಟು ಅಲಂಕಾರ ಮಾಡಿದವರೂ ಉಂಟು. ಕೇಂಬ್ರಿಜ್‌ನ ಅಲನ್ ಫರ್ಶ್ಟ್ ಗುಂಪು 1999ರಲ್ಲಿ ಕಾಲಂನ ಮಣಿಗಳಿಗೇ ಮೂವರು ಸಹಾಯಕರನ್ನು ಕಟ್ಟಿತು: ಎಳೆಗಳನ್ನು ಅಂಟದಂತೆ ಕಾಯುವ ಒಂದು ಶಾಪರೋನ್ ತುಣುಕು, ಗಂಧಕದ ಕೊಂಡಿ ಕೂಡಿಸುವ ಒಂದು ಕಿಣ್ವ, ಪ್ರೋಲಿನ್ ತಿರುವುಗಳನ್ನು ಸಡಿಲಿಸುವ ಇನ್ನೊಂದು. ಹಟಮಾರಿಯಾಗಿದ್ದ ಚೇಳಿನ ವಿಷದ ಪ್ರೋಟೀನೊಂದು ಅದರಲ್ಲಿ ಇಳಿದು ಸರಿಯಾಗಿ ಮಡಚಿಕೊಂಡಿತು. ಮೆಚ್ಚಬೇಕಾದ ಜಾಣ್ಮೆ. ಆದರೂ ನನಗೆ ಬರೀ ಮಣಿ, ಬರೀ ಹರಿವು ಇರುವ ಕಾಲಮ್ಮೇ ಇಷ್ಟ. ಸಹಾಯಕರು ಹೆಚ್ಚಾದಷ್ಟೂ ದುಡ್ಡೂ ಹೆಚ್ಚು, ನೋಡುವವನಿಗೆ ಗದ್ದಲವೂ ಹೆಚ್ಚು.

ಎಲ್ಲ ಪ್ರೋಟೀನೂ ಹೀಗೆ ಒಲಿಯುತ್ತದೆ ಎಂದೇನಿಲ್ಲ. ಉಪ್ಪು, ಪಿಎಚ್, ತಣುಪು ಎಲ್ಲ ಬದಲಿಸಿದರೂ ಕಾಲಂನ ನೆತ್ತಿಯಲ್ಲಿ ಬಿಳಿ ಪಟ್ಟಿಯಾಗಿ ಕುಳಿತುಬಿಡುವವು ಬಹಳ. ಇನ್ನು ಕೆಲವು ಮಡಚಿಕೊಳ್ಳುತ್ತವೆ, ಬೇಕಾದ ಹಾಗಲ್ಲ. ಇದರಲ್ಲಿ ಅತಿ ನವಿರಾದ ಪ್ರಸಂಗ ನಮ್ಮ ಬೆಂಗಳೂರಿನದೇ. ರಾಮಚಂದ್ರನ್ ಕಟ್ಟಿದ ಅದೇ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್‌ನಲ್ಲಿ ರಾಘವನ್ ವರದರಾಜನ್ ಅವರ ಗುಂಪು ಇನ್‌ಫ್ಲುಯೆಂಜಾ ಲಸಿಕೆಗಾಗಿ ವೈರಸ್ಸಿನ ಹೀಮಗ್ಲುಟಿನಿನ್ ಎಂಬ ಪ್ರೋಟೀನನ್ನು ಕೈಗೆತ್ತಿಕೊಂಡಿತು. ಅದರ ತಲೆಭಾಗ ವರ್ಷವರ್ಷಕ್ಕೂ ವೇಷ ಬದಲಿಸುತ್ತದೆ, ಬುಡಭಾಗ ಅಷ್ಟಾಗಿ ಬದಲಾಗದು. ಹಾಗಾದರೆ ಬುಡವನ್ನೇ ಲಸಿಕೆಯಾಗಿ ಕೊಡಬಹುದಲ್ಲ? ತೊಡಕು ಏನೆಂದರೆ ಬುಡಭಾಗಕ್ಕೆ ಎರಡು ಆಕಾರಗಳಿವೆ. ವೈರಸ್ಸಿನ ಮೈಮೇಲೆ ಇರುವಾಗ ಒಂದು. ಕೋಶದೊಳಗಿನ ಹುಳಿ ತಗುಲಿದಾಗ ಚಿಮ್ಮಿ ತಾಳುವ ಇನ್ನೊಂದು. ರೋಗನಿರೋಧಕ್ಕೆ ಬೇಕಾದದ್ದು ಮೊದಲನೆಯದು. ಹೆಚ್ಚು ಸ್ಥಿರವಾದದ್ದು ಎರಡನೆಯದು. ಬುಡವನ್ನು ಬಿಡಿಯಾಗಿ ಇ. ಕೋಲಿಯಲ್ಲಿ ಮಾಡಿದವರಿಗೆ ಹಿಂದೆ ಸಿಗುತ್ತಿದ್ದುದು ಆ ಎರಡನೆಯದೇ.

ವರದರಾಜನ್ ಗುಂಪಿನವರು ಮಾಡಿದ ಉಪಾಯ ಹೀಗಿದೆ. ಬೇಕಾದ ಆಕಾರಕ್ಕೆ ಬಲ ತುಂಬುವುದಕ್ಕಿಂತ, ಬೇಡದ ಆಕಾರ ಆ ಸರಕ್ಕೆ ಹಿತವಾಗದಂತೆ ಆಯ್ದ ಜಾಗಗಳಲ್ಲಿ ಅಮೈನೋ ಆಮ್ಲ ಬದಲಿಸಿದರು. ಎಚ್‌ಎ6 ಎಂಬ ಆ ಪ್ರೋಟೀನು ಇ. ಕೋಲಿಯಲ್ಲಿ ಇನ್‌ಕ್ಲೂಷನ್ ಬಾಡಿಯಾಗಿ ಹುಟ್ಟಿತು, ಬಿಚ್ಚಿ ಮರಳಿ ಮಡಚಲಾಯಿತು. ವರದಿ ಬಂದದ್ದು 2010ರಲ್ಲಿ. ಮಡಚಿಕೊಂಡದ್ದು ಸರಿಯೇ ಎಂದು ತಿಳಿಯಲು ಉಪಕರಣಗಳ ಸಾಕ್ಷ್ಯದ ಜೊತೆಗೆ ಇನ್ನೊಂದು ಸಾಕ್ಷಿ ಇತ್ತು: 12ಡಿ1 ಎಂಬ ಪ್ರತಿಕಾಯ. ಬಗೆಬಗೆಯ ತಳಿಗಳ ಬುಡವನ್ನು ಗುರುತಿಸಬಲ್ಲ ಅದು ಎಚ್‌ಎ6ನ್ನು ಹಿಡಿಯಿತು. ಲಸಿಕೆ ಪಡೆದ ಇಲಿಗಳಿಗೆ 1968ರ ಹಾಂಗ್‌ಕಾಂಗ್ ಫ್ಲೂ ವೈರಸ್ಸನ್ನು, ಸಾಯಿಸುವ ಪ್ರಮಾಣದಲ್ಲೇ, ಸೋಂಕಿಸಿದಾಗ ಅವುಗಳಿಗೆ ರಕ್ಷಣೆ ಸಿಕ್ಕಿತ್ತು.